ಚೆಂಡು ಆಡುತ್ತಿದ್ದ ನಾಯಿ ಕುಸಿದು ಬಿತ್ತು: ಮೊದಲು ನೀರು, ಆಮೇಲೆ ಗಾಡಿ

ಬ್ರೌನಿಯ_ಅಮ್ಮ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ಬರೆಯಬೇಕು ಅಂದುಕೊಳ್ಳುತ್ತಿದ್ದೆ, ಕೈ ಓಡುತ್ತಿರಲಿಲ್ಲ. ಇವತ್ತು ಬ್ರೌನಿ ತಾನಾಗಿ ಎದ್ದು ಬಂದು ನನ್ನ ಕಾಲ ಮೇಲೆ ತಲೆ ಇಟ್ಟು ಮಲಗಿದ್ದಾನೆ. ಈಗಲಾದರೂ ಬರೆದುಬಿಡುತ್ತೇನೆ.

ಬ್ರೌನಿ ಲ್ಯಾಬ್ರಡಾರ್, ಏಳು ವರ್ಷ, ಮೈ ಸ್ವಲ್ಪ ಜಾಸ್ತಿ. ಭಾನುವಾರ ಬೆಳಗ್ಗೆ ಎಂಟೂವರೆಗೆ ಮೈದಾನದಲ್ಲಿ ಚೆಂಡು ಎಸೆಯುತ್ತಿದ್ದೆವು. ಬಿಸಿಲು ಏರಿರಲಿಲ್ಲ, ಮೋಡವೂ ಇತ್ತು. ಆದರೆ ಗಾಳಿ ಅಲ್ಲಾಡುತ್ತಿರಲಿಲ್ಲ, ನಿಂತಲ್ಲೇ ಬೆವರುವಷ್ಟು ಸೆಕೆ. ಇಪ್ಪತ್ತು ನಿಮಿಷ ಆಡಿಸಿದ್ದೇವೆ ಅಷ್ಟೆ. ಸಾಕು ಅಂತ ಅವನು ತೋರಿಸಿಕೊಳ್ಳಲೇ ಇಲ್ಲ. ಪ್ರತಿ ಸಲ ಚೆಂಡು ತಂದು ಕಾಲ ಬುಡದಲ್ಲಿ ಹಾಕಿ ನನ್ನ ಮುಖ ನೋಡುತ್ತಿದ್ದ. ಕೊನೆಯ ಎರಡು ಸಲ ಬರುವಾಗ ನಡಿಗೆ ಒಂಚೂರು ವಾಲಿದ ಹಾಗೆ ಕಂಡಿತು. ನಾಲಿಗೆ ತುದಿಯಲ್ಲಿ ಅಗಲವಾಗಿ, ಸೌಟಿನ ಹಾಗೆ ಮುಂದಕ್ಕೆ ಚಾಚಿತ್ತು. ದಣಿದಿದ್ದಾನೆ ಅಂದುಕೊಂಡು ಇನ್ನೊಂದು ಸಲ ಎಸೆದೆ. ಅರ್ಧ ದಾರಿಯಲ್ಲಿ ಹಿಂಗಾಲು ಮಡಚಿ ಕೂತುಬಿಟ್ಟ. ಹತ್ತಿರ ಹೋದರೆ ಜೊಲ್ಲು ಅಂಟಂಟಾಗಿ ದಾರದ ಹಾಗೆ ಇಳಿಯುತ್ತಿದೆ, ವಸಡು ಇಟ್ಟಿಗೆ ಕೆಂಪು. ಹೆಸರು ಹಿಡಿದು ಕರೆದರೆ ಕಿವಿಯೂ ಅಲ್ಲಾಡಲಿಲ್ಲ.

ಟವೆಲ್ ಒದ್ದೆ ಮಾಡಿ ಮೈತುಂಬ ಹೊದಿಸಿ, ಕಾರಿಗೆ ಹಾಕಿಕೊಂಡು 25 ನಿಮಿಷ ಓಡಿಸಿದೆವು. ಆಸ್ಪತ್ರೆಯಲ್ಲಿ ನೋಡಿದಾಗ ಮೈಯ ತಾಪ 41.8 ಡಿಗ್ರಿ. ಎರಡು ರಾತ್ರಿ ಅಲ್ಲೇ ಡ್ರಿಪ್ ಹಾಕಿಸಿಕೊಂಡು ಇದ್ದ. ಬದುಕಿದ. ಡಾಕ್ಟರ್ ಬೈಯಲಿಲ್ಲ, ಒಂದೇ ಮಾತು ಕೇಳಿದರು: "ಮೈದಾನದಲ್ಲಿ ನಲ್ಲಿ ಇರಲಿಲ್ವಾ ಅಮ್ಮಾ?"

ಇತ್ತು. ಇಪ್ಪತ್ತು ಹೆಜ್ಜೆ ದೂರದಲ್ಲೇ ಇತ್ತು.

ನಿಮ್ಮಲ್ಲಿ ಯಾರಿಗೂ ಹೀಗಾಗುವುದು ಬೇಡ. ಗೊತ್ತಿದ್ದವರು ದಯವಿಟ್ಟು ಬರೆಯಿರಿ.

---

ಪಶುವೈದ್ಯೆ_ಸಣ್ಣಪ್ರಾಣಿ

ಬ್ರೌನಿಯ ಅಮ್ಮ, ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಅವನಿಗೆ ಆದದ್ದು ಹೀಟ್ ಸ್ಟ್ರೋಕ್, ಅಂದರೆ ಮೈಯ ಶಾಖ ಹೊರಹೋಗದೆ ತಾಪ ಅಪಾಯದ ಮಟ್ಟಕ್ಕೆ ಏರುವುದು. ಅವನು ಉಳಿದನಲ್ಲ, ಅದೇ ದೊಡ್ಡದು. ನಿಮ್ಮನ್ನು ನೀವೇ ಶಪಿಸಿಕೊಳ್ಳುವುದು ಬಿಡಿ. ನಮ್ಮಲ್ಲಿಗೆ ಬರುವ ಹತ್ತರಲ್ಲಿ ಎಂಟು ಮನೆಯವರು ಮಾಡುವುದು ಇದನ್ನೇ: ಗಾಬರಿಯಲ್ಲಿ ನೇರ ಗಾಡಿ ಹತ್ತುತ್ತಾರೆ.

ನಾಯಿಯ ಸಹಜ ತಾಪವೇ ನಮಗಿಂತ ಹೆಚ್ಚು, 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಬರುವ ಚೂರು ಬೆವರಿನಿಂದ ಏನೂ ಆಗದು. ಅದಕ್ಕೆ ಇರುವ ದೊಡ್ಡ ದಾರಿ ತೇಕುವುದೊಂದೇ. ಸುಮ್ಮನೆ ಮಲಗಿದ್ದಾಗ ನಿಮಿಷಕ್ಕೆ 15ರಿಂದ 30 ಉಸಿರು ತೆಗೆಯುವ ನಾಯಿ ತೇಕುವಾಗ 300 ದಾಟುತ್ತದೆ. ಬಾಯಿ, ನಾಲಿಗೆ, ಮೂಗಿನೊಳಗಿನ ತೇವ ಆರುತ್ತಾ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಗಾಳಿಯಲ್ಲೇ ತೇವ ತುಂಬಿದ್ದರೆ? ಮಳೆಗಾಲದಲ್ಲಿ ಹಗ್ಗದ ಮೇಲಿನ ಬಟ್ಟೆ ಒಣಗದ ಹಾಗೆ, ನಾಲಿಗೆಯ ಮೇಲಿನ ತೇವವೂ ಆರುವುದಿಲ್ಲ. ಅದಕ್ಕೇ ಮೋಡ ಕವಿದ ಸೆಕೆಯ ಬೆಳಗ್ಗೆ ಬ್ರೌನಿ ಕುಸಿದದ್ದು. ಬಿಸಿಲು ಇಲ್ಲ ಅಂದಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ.

ಇನ್ನೊಂದು, ಓಡುವ ಸ್ನಾಯು ಒಳಗಿನಿಂದಲೇ ಶಾಖ ಹುಟ್ಟಿಸುತ್ತದೆ. ಬ್ರಿಟನ್ನಿನಲ್ಲಿ 2016ರಲ್ಲಿ ಪಶು ಆಸ್ಪತ್ರೆಗಳಿಗೆ ಬಂದ 9 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆಗಳನ್ನು ರಾಯಲ್ ವೆಟರ್ನರಿ ಕಾಲೇಜಿನ ವೆಟ್‌ಕಂಪಾಸ್ ಯೋಜನೆಯಲ್ಲಿ ಜಾಲಾಡಿದರು. ತಾಪದಿಂದ ಕಾಯಿಲೆ ಬಿದ್ದ ನಾಯಿಗಳಲ್ಲಿ ಏಳಕ್ಕೊಂದು ಸತ್ತಿತ್ತು. ನಾವೆಲ್ಲ ಹೆದರುವುದು ಬಿಸಿಲಲ್ಲಿ ನಿಲ್ಲಿಸಿದ ಕಾರಿಗೆ. ಆದರೆ ಅಲ್ಲಿ ಕಾರಿನಿಂದ ಆದದ್ದು ನೂರಕ್ಕೆ ಐದರಷ್ಟು. ಮುಕ್ಕಾಲು ಪಾಲು ಆದದ್ದು ಓಟ, ಆಟ, ವಾಕಿಂಗ್‌ನಿಂದ.

ಲ್ಯಾಬ್ರಡಾರ್ ಥರದ ನಾಯಿಗೆ ತನಗೆ ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯುವುದಿಲ್ಲ. ನೀವು ಎಸೆದರೆ ಅದು ಓಡುತ್ತದೆ. ಚೆಂಡನ್ನು ಜೇಬಿಗೆ ಹಾಕಿಕೊಳ್ಳಬೇಕಾದವರು ನಾವು.

---

ಪಗ್_ಮನೆ

ಡಾಕ್ಟರ್, ತಾಪ ಏರಿದಾಗ ಒಮ್ಮೆಲೇ ತಣ್ಣೀರು ಹಾಕಿದರೆ ಹೃದಯ ನಿಂತುಹೋಗುತ್ತದೆ, ಉಗುರುಬೆಚ್ಚಗಿನ ನೀರೇ ಹಾಕಬೇಕು ಅಂತ ನಮಗೆ ಹೇಳಿಕೊಟ್ಟಿದ್ದರು. ಎಷ್ಟೋ ಪುಸ್ತಕದಲ್ಲೂ ಹಾಗೇ ಇದೆ. ಯಾವುದು ಸರಿ?

---

ಪಶುವೈದ್ಯೆ_ಸಣ್ಣಪ್ರಾಣಿ

ಒಳ್ಳೆಯದಾಯಿತು ಕೇಳಿದಿರಿ. ನಾನು ಓದುವಾಗ ನಮಗೂ ಹಾಗೇ ಹೇಳಿಕೊಟ್ಟಿದ್ದರು. ತಣ್ಣೀರು ತಾಗಿದರೆ ಚರ್ಮದ ರಕ್ತನಾಳ ಕುಗ್ಗಿ ಶಾಖ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವುದು ಆಗಿನ ತರ್ಕ. ಈಗ ಆ ಸಲಹೆಯನ್ನು ಕೈಬಿಟ್ಟಿದ್ದಾರೆ. ತಣ್ಣೀರೇ ಬೇಗ ತಾಪ ಇಳಿಸುತ್ತದೆ. ಕಾಯಿಸಿಕೊಂಡು, ಬೆರಕೆ ಮಾಡಿಕೊಂಡು ಕೂರುವ ನಿಮಿಷಗಳಲ್ಲೇ ಕರುಳು, ಕಿಡ್ನಿ, ಮಿದುಳು ಬೇಯುತ್ತಿರುತ್ತವೆ. ಕಟುವಾಗಿ ಹೇಳುತ್ತಿದ್ದೇನೆ, ಆದರೆ ಒಳಗೆ ಆಗುವುದು ಅದೇ.

ಮಾಡಬೇಕಾದ್ದು ಹೀಗೆ. ಮೊದಲು ನೆರಳಿಗೆ ಎಳೆದುಕೊಳ್ಳಿ. ಕೈಗೆ ಸಿಕ್ಕ ನೀರು ಯಾವುದಾದರೂ ಸರಿ, ನಾಯಿಯ ಮೈಗಿಂತ ತಂಪಾಗಿದ್ದರೆ ಸಾಕು. ಪೈಪಿನಲ್ಲಿ ಮೊದಲು ಬರುವ ಕಾದ ನೀರನ್ನು ಮಾತ್ರ ಹೊರಗೆ ಬಿಟ್ಟುಬಿಡಿ. ಕುತ್ತಿಗೆಯಿಂದ ಕೆಳಕ್ಕೆ ಸುರಿಯಿರಿ, ಹೊಟ್ಟೆ ಮತ್ತು ತೊಡೆಯ ಸಂದಿಯನ್ನು ಬಿಡಬೇಡಿ. ಕೂದಲಿನ ಮೇಲಿಂದ ಜಾರಿಹೋಗದಂತೆ ಬೆರಳಿನಿಂದ ಕೂದಲು ಬಿಡಿಸಿ ಚರ್ಮಕ್ಕೆ ಮುಟ್ಟಿಸಿ. ಒಬ್ಬರು ಸುರಿಯುತ್ತಿರಲಿ, ಇನ್ನೊಬ್ಬರು ಫ್ಯಾನ್ ಹಿಡಿಯಲಿ. ಫ್ಯಾನ್ ಇಲ್ಲವೇ, ರಟ್ಟಿನ ತುಂಡಿನಲ್ಲಿ ಬೀಸಿ. ಪ್ರಾಯದ, ಆರೋಗ್ಯವಾಗಿರುವ ನಾಯಿಯನ್ನು ತಣ್ಣೀರಿನ ತೊಟ್ಟಿಯಲ್ಲೇ ಇಳಿಸಬಹುದು, ತಲೆ ಮಾತ್ರ ನೀರಿನ ಮೇಲೆ ಇರುವಂತೆ ಹಿಡಿದುಕೊಂಡಿರಬೇಕು. ಮುದಿ ನಾಯಿ, ಹೃದಯದ ತೊಂದರೆ ಇರುವ ನಾಯಿಯಾದರೆ ಸುರಿದು ಗಾಳಿ ಬೀಸುವುದೇ ಕ್ಷೇಮ.

ಒದ್ದೆ ಟವೆಲ್ ಹೊದಿಸಿ ಬಿಡಬೇಡಿ. ಎರಡೇ ನಿಮಿಷದಲ್ಲಿ ಅದು ಮೈಶಾಖಕ್ಕೆ ಬಿಸಿಯಾಗಿ ಕಂಬಳಿಯಾಗುತ್ತದೆ. ಬೇಕಾದರೆ ನಾಯಿಯ ಕೆಳಗೆ ಹಾಸಿ.

ಬಾಯಿಗೆ ಬಲವಂತವಾಗಿ ನೀರು ಹೊಯ್ಯಬೇಡಿ, ಎಚ್ಚರ ತಪ್ಪಿದ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಮನೆಯಲ್ಲಿ ಥರ್ಮಾಮೀಟರ್ ಇದ್ದರೆ ಗುದದಲ್ಲಿ ಇಟ್ಟು ನೋಡುತ್ತಿರಿ, 39.5ಕ್ಕೆ ಬಂದಾಗ ನೀರು ಹಾಕುವುದು ನಿಲ್ಲಿಸಿ. ಇಲ್ಲದಿದ್ದರೆ ತಾಪ ಸಹಜಕ್ಕಿಂತ ಕೆಳಗೆ ಜಾರುತ್ತದೆ. ಥರ್ಮಾಮೀಟರ್ ಹುಡುಕುತ್ತಾ ಹೊತ್ತು ಕಳೆಯಬೇಡಿ ಮತ್ತೆ. ಒಬ್ಬರು ನೀರು ಹಾಕುತ್ತಿರುವಾಗಲೇ ಇನ್ನೊಬ್ಬರು ಆಸ್ಪತ್ರೆಗೆ ಫೋನ್ ಮಾಡಿ ಬರುತ್ತಿದ್ದೇವೆ ಅಂತ ಹೇಳಿ. ಆಮೇಲೆ ಎಸಿ ಹಾಕಿಕೊಂಡೋ ಕಿಟಕಿ ತೆರೆದುಕೊಂಡೋ ಹೊರಡಿ.

ಬ್ರಿಟನ್ನಿನದೇ ಇನ್ನೊಂದು ಅಧ್ಯಯನದಲ್ಲಿ ಆಸ್ಪತ್ರೆಗೆ ಬರುವ ಮೊದಲೇ ತಂಪು ಮಾಡಿಸಿಕೊಂಡು ಬಂದ ನಾಯಿಗಳು ಐದಕ್ಕೊಂದಕ್ಕಿಂತ ಒಂಚೂರು ಹೆಚ್ಚು, ಅಷ್ಟೆ. ಉಳಿದವೆಲ್ಲ ಹಾಗೇ ಬಿಸಿಯಾಗಿಯೇ ಬಂದಿದ್ದವು.

---

ತೋಟದಮನೆ

ನೀವೆಲ್ಲ ಹೇಳುವುದು ಒಪ್ಪುವ ಮಾತೇ. ಆದರೆ ಹೊರಗೇ ಬೆಳೆದ ನಾಯಿಗಳಿಗೆ ಬಿಸಿಲು ಅಭ್ಯಾಸ ಇರುತ್ತದಲ್ಲ? ನಮ್ಮ ಕರಿಯ ಕಾವಲು ನಾಯಿ, ಒಂಬತ್ತು ವರ್ಷದಿಂದ ಹೊರಗೇ ಇದ್ದಾನೆ. ಮೇಲೆ ತಗಡಿನ ಶೀಟು ಹಾಕಿದ್ದೇವೆ, ನೆರಳಿದೆ, ನೀರಿದೆ. ಒಂದು ದಿನವೂ ಕಾಯಿಲೆ ಬಿದ್ದವನಲ್ಲ.

---

ಪಶುವೈದ್ಯೆ_ಸಣ್ಣಪ್ರಾಣಿ

ಸರ್, ಅಭ್ಯಾಸ ಅನ್ನುವುದು ನಿಜ. ದೇಹ ಹೊಂದಿಕೊಳ್ಳುತ್ತದೆ, ಅದಕ್ಕೆ ಕೆಲವು ವಾರ ಬೇಕು. ಅದಕ್ಕೇ ಬೇಸಿಗೆಯ ಮೊದಲ ಬಿಸಿ ದಿನಗಳು ನಡುಬೇಸಿಗೆಗಿಂತ ಕೆಟ್ಟವು. ಆದರೆ ಕರಿಯನಿಗೆ ಈಗ ಒಂಬತ್ತು ತುಂಬಿದೆ. ಮೂರು ವರ್ಷದವನಿದ್ದಾಗ ತಡೆದ ಬಿಸಿಯನ್ನು ಈಗಲೂ ತಡೆಯುತ್ತಾನೆ ಅಂತ ಇಲ್ಲ.

ಒಂದು ಕೆಲಸ ಮಾಡಿ. ನಾಳೆ ಮಧ್ಯಾಹ್ನ ಎರಡು ಗಂಟೆಗೆ ಆ ತಗಡಿನ ಕೆಳಗೆ, ಅವನು ಮಲಗುವ ಎತ್ತರಕ್ಕೆ ನೀವೇ ಕುಕ್ಕರುಗಾಲಲ್ಲಿ ಐದು ನಿಮಿಷ ಕೂತು ನೋಡಿ.

---

ತೋಟದಮನೆ

ಕೂತೆ ಮೇಡಂ. ಇವತ್ತು ಎರಡೂಕಾಲಿಗೆ.

ತಗಡಿನಿಂದ ಇಳಿಯುವ ಝಳ ತಲೆಗೆ ತಾಗುತ್ತದೆ, ನೆತ್ತಿ ಸುಡುತ್ತದೆ. ಮೂರು ಕಡೆ ಗೋಡೆ, ಗಾಳಿಯಾಡುವುದಿಲ್ಲ. ಚೈನು ಎಳೆದಷ್ಟು ದೂರಕ್ಕೆ ನೆರಳು ಇದ್ದದ್ದು ಬೆಳಗ್ಗೆ ಮಾತ್ರ, ಮಧ್ಯಾಹ್ನಕ್ಕೆ ಅದು ಗೋಡೆಯ ಆಚೆಗೆ ಸರಿದಿತ್ತು. ಸ್ಟೀಲ್ ಬಟ್ಟಲಿನ ನೀರಿಗೆ ಬೆರಳು ಅದ್ದಿದೆ, ಸ್ನಾನದ ನೀರಿನಷ್ಟು ಬಿಸಿ. ಅವನು ಅದನ್ನು ಮೂಸಿ ಬಿಟ್ಟುಬಿಡುತ್ತಿದ್ದ, ಬಾಯಾರಿಕೆ ಇಲ್ಲ ಅಂದುಕೊಂಡಿದ್ದೆವು. ಇಷ್ಟು ವರ್ಷ ಅವನು ಅಲ್ಲಿ ಹೇಗೆ ಮಲಗಿದನೋ.

ಇವತ್ತೇ ಬಿಚ್ಚಿ ಮರದ ಬುಡಕ್ಕೆ ತಂದಿದ್ದೇವೆ. ಬಂದವನೇ ಮುಂಗಾಲಲ್ಲಿ ಮಣ್ಣು ಕೆರೆದು, ಕೆಳಗಿನ ತಂಪು ಮಣ್ಣಿಗೆ ಹೊಟ್ಟೆ ಒತ್ತಿ ಮಲಗಿದ. ಮೊದಲೆಲ್ಲ ನೆಲ ಕೆರೆದರೆ ಗದರುತ್ತಿದ್ದೆವು.

---

ಬ್ರೌನಿಯ_ಅಮ್ಮ

ತೋಟದಮನೆಯವರೇ, ಕೂತು ನೋಡಿದ್ದಕ್ಕೆ ದೊಡ್ಡ ನಮಸ್ಕಾರ ನಿಮಗೆ. ಬಟ್ಟಲು ದಪ್ಪ ಮಣ್ಣಿನದೋ ಸಿಮೆಂಟಿನದೋ ಇಟ್ಟರೆ ಅಷ್ಟು ಬೇಗ ಕಾಯುವುದಿಲ್ಲ, ಮಗುಚುವುದೂ ಇಲ್ಲ. ಎರಡು ಕಡೆ ಇಡಿ. ಒಂದು ಚೆಲ್ಲಿದರೂ ಇನ್ನೊಂದು ಇರುತ್ತದೆ.

---

ಪಗ್_ಮನೆ

ನಮ್ಮವಳ ವಿಷಯವನ್ನೂ ಹೇಳಿಬಿಡುತ್ತೇನೆ. ಪಗ್, ಐದು ವರ್ಷ. ಅವಳು ಗೊರಗೊರ ಅನ್ನುವುದು, ನಿದ್ದೆಯಲ್ಲಿ ಗೊರಕೆ ಹೊಡೆಯುವುದು ಮುದ್ದು ಅಂತ ವಿಡಿಯೋ ಮಾಡಿ ಎಲ್ಲರಿಗೂ ಕಳಿಸುತ್ತಿದ್ದೆವು. ಅದು ಮುದ್ದಲ್ಲ, ಉಸಿರಿನ ದಾರಿ ಕಿರಿದಾಗಿರುವ ಸದ್ದು ಅಂತ ತಿಳಿದದ್ದು ಹೋದ ವರ್ಷ. ಮೊಂಡು ಮೂಗಿನ ನಾಯಿಗಳಿಗೆ, ಅಂದರೆ ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್‌ಗಳಿಗೆ ಮೂಗಿನ ಹೊಳ್ಳೆ ಸಣ್ಣ, ಅಂಗುಳದ ಹಿಂಭಾಗ ಉದ್ದವಾಗಿ ಗಂಟಲಿಗೆ ಇಳಿಬಿದ್ದಿರುತ್ತದೆ. ತೇಕಿ ತಂಪಾಗುವುದೇ ನಾಯಿಗೆ ಇರುವ ದಾರಿ, ಆ ದಾರಿಯೇ ಅರ್ಧ ಮುಚ್ಚಿದೆ. ಜೋರಾಗಿ ತೇಕಿದಷ್ಟೂ ಗಂಟಲು ಊದುತ್ತದೆ, ಊದಿದಷ್ಟೂ ಗಾಳಿ ಕಡಿಮೆ.

ಈಗ ವಾಕಿಂಗ್ ಸೂರ್ಯ ಹುಟ್ಟುವ ಮೊದಲು ಹತ್ತು ನಿಮಿಷ, ರಾತ್ರಿ ಹತ್ತು ನಿಮಿಷ. ಕುತ್ತಿಗೆಯ ಬೆಲ್ಟ್ ತೆಗೆದು ಎದೆಗೆ ಹಾಕುವ ಹಾರ್ನೆಸ್ ತಂದಿದ್ದೇವೆ. ಎರಡು ಕಿಲೋ ಇಳಿಸಿದ್ದಾಳೆ, ಅದರಿಂದ ಆದ ಲಾಭ ಬೇರೆ ಯಾವುದರಿಂದಲೂ ಆಗಲಿಲ್ಲ. ಉಸಿರಿನ ಸದ್ದು ದೊರಗಾದರೆ ಅಲ್ಲೇ ನಿಂತು ಎತ್ತಿಕೊಂಡು ಮನೆಗೆ ಬರುತ್ತೇನೆ. ಸಂಜೆ ವಾಕಿಂಗ್ ಪೂರ್ತಿ ಬಿಟ್ಟ ದಿನಗಳೂ ಇವೆ. ಒಂದು ದಿನ ವಾಕಿಂಗ್ ತಪ್ಪಿದ್ದಕ್ಕೆ ಯಾವ ನಾಯಿಯೂ ಸತ್ತಿಲ್ಲ.

---

ಹೊಸಬ_ಜರ್ಮನ್‌ಶೆಫರ್ಡ್

ನಮ್ಮದು ಎರಡು ವರ್ಷದ ಜರ್ಮನ್ ಶೆಫರ್ಡ್. ಬೇಸಿಗೆಗೆ ಪೂರ್ತಿ ಬೋಳಿಸಿಬಿಡಿ, ತಂಪಾಗಿರುತ್ತಾನೆ ಅಂತ ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಬೋಳಿಸಲೇ?

---

ಮೂರುನಾಯಿ_ಮನೆ

ಬೇಡ, ಬೇಡ. ಅದಕ್ಕೆ ಎರಡು ಪದರದ ಕೂದಲು. ಮೇಲಿನ ಒರಟು ಪದರ ಬಿಸಿಲನ್ನು ಚರ್ಮದವರೆಗೆ ಬಿಡುವುದಿಲ್ಲ, ಬೋಳಿಸಿದರೆ ಚರ್ಮ ನೇರ ಬಿಸಿಲಿಗೆ ಸುಡುತ್ತದೆ. ಕೂದಲು ಮತ್ತೆ ಮೊದಲಿನ ಹಾಗೆ ಬರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ನಾನೇ ಒಂದು ನಾಯಿಗೆ ಮಾಡಿಸಿ ಆಮೇಲೆ ತೇಪೆ ತೇಪೆಯಾಗಿ ಬೆಳೆದ ಕೂದಲನ್ನು ಎರಡು ವರ್ಷ ನೋಡಿದ್ದೇನೆ. ಬೋಳಿಸುವ ಬದಲು ದಿನಾ ಬಾಚಿ. ಒಳಗೆ ಸತ್ತು ಉದುರಿ ಗಂಟುಕಟ್ಟಿದ ಹತ್ತಿಯಂಥ ಕೂದಲು ಬುಟ್ಟಿಗಟ್ಟಲೆ ಬರುತ್ತದೆ. ಅದು ಹೋದರೆ ಸಂದಿಯಲ್ಲಿ ಗಾಳಿಯಾಡುತ್ತದೆ.

ಬಿಳಿ ನಾಯಿಗಳಿಗೆ, ಮೂಗಿನ ಮೇಲೆ, ಕಿವಿ ತುದಿಯಲ್ಲಿ, ಹೊಟ್ಟೆಯಲ್ಲಿ ಕೂದಲು ತೆಳುವಿರುವವಕ್ಕೆ ಚರ್ಮ ಸುಡುವುದು ಇನ್ನೂ ಜಾಸ್ತಿ. ಆದರೆ ನಾವು ಹಚ್ಚಿಕೊಳ್ಳುವ ಸನ್‌ಸ್ಕ್ರೀನ್ ಹಚ್ಚಬೇಡಿ. ಜಿಂಕ್ ಆಕ್ಸೈಡ್ ಇರುವಂಥದ್ದನ್ನು ನೆಕ್ಕಿದರೆ ವಿಷ.

---

ಹೊಸಬ_ಜರ್ಮನ್‌ಶೆಫರ್ಡ್

ಸರಿ, ಬೋಳಿಸುವುದಿಲ್ಲ. ಬಾಚಣಿಗೆ ತಂದೆ. ಮೊದಲ ದಿನವೇ ಎದುರು ಇನ್ನೊಂದು ನಾಯಿ ಮಲಗಿದಷ್ಟು ಕೂದಲು ಬಂತು! ಇನ್ನೊಂದು ಪ್ರಶ್ನೆ: ಐದು ನಿಮಿಷದ ಕೆಲಸಕ್ಕೆ ಕಿಟಕಿ ಸ್ವಲ್ಪ ಇಳಿಸಿ ಕಾರಲ್ಲಿ ಬಿಡಬಹುದೇ? ನೆರಳಲ್ಲೇ ನಿಲ್ಲಿಸುತ್ತೇನೆ.

---

ಪಶುವೈದ್ಯೆ_ಸಣ್ಣಪ್ರಾಣಿ

ಬಿಡಬೇಡಿ. ಹೊರಗೆ 24 ಡಿಗ್ರಿ ಹಿತವಾಗಿರುವ ದಿನವೂ ನಿಲ್ಲಿಸಿದ ಕಾರಿನ ಒಳಗೆ ಹತ್ತು ನಿಮಿಷಕ್ಕೆ 34, ಅರ್ಧ ಗಂಟೆಗೆ 43 ಆಗುತ್ತದೆ. 2005ರಲ್ಲಿ ಅಮೆರಿಕದಲ್ಲಿ ಅಳೆದು ನೋಡಿದಾಗ ಕಿಟಕಿ ಸ್ವಲ್ಪ ಇಳಿಸಿದ್ದರಿಂದ ಹೆಚ್ಚೇನೂ ವ್ಯತ್ಯಾಸ ಆಗಲಿಲ್ಲ. ಏರುವ ಶಾಖದ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಏರಿತ್ತು. ನೆರಳು ಸರಿಯುತ್ತದೆ, ಐದು ನಿಮಿಷ ಹದಿನೈದಾಗುತ್ತದೆ. ಮನೆಯಲ್ಲಿ ಬಿಟ್ಟು ಹೋಗಿ.

---

ಮೂರುನಾಯಿ_ಮನೆ

ರಸ್ತೆಯ ಬಗ್ಗೆ ಯಾರೂ ಹೇಳಲಿಲ್ಲ. ಗಾಳಿ 25 ಡಿಗ್ರಿ ಇರುವ ದಿನ ಬಿಸಿಲಿಗೆ ಬಿದ್ದ ಡಾಂಬರು 50 ದಾಟಿರುತ್ತದೆ. ನಮಗೆ ಚಪ್ಪಲಿ ಇದೆ, ಗೊತ್ತಾಗುವುದಿಲ್ಲ. ಹೊರಡುವ ಮೊದಲು ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳರವರೆಗೆ ಎಣಿಸಿ. ಕೈ ತಾನಾಗಿ ಮೇಲೆದ್ದರೆ ನಾಯಿಯನ್ನು ಹೊರಡಿಸಬೇಡಿ. ಸಂಜೆ ಬಿಸಿಲು ಇಳಿದ ಮೇಲೂ ಡಾಂಬರು ಬಹಳ ಹೊತ್ತು ಬಿಸಿ ಇರುತ್ತದೆ, ಅದಕ್ಕೇ ನಾನು ಸಂಜೆಗಿಂತ ಬೆಳಗಿನ ಜಾವವನ್ನೇ ನಂಬುತ್ತೇನೆ.

ನಮ್ಮ ನಡುವಿನವಳ ಅಂಗಾಲು ಒಮ್ಮೆ ಸುಟ್ಟಿತ್ತು. ಕುಂಟಲಿಲ್ಲ, ಅಳಲಿಲ್ಲ, ಮನೆಗೆ ಬಂದು ಒಂದೇ ಸಮನೆ ಪಾದ ನೆಕ್ಕುತ್ತಿದ್ದಳು. ಮಗುಚಿ ನೋಡಿದರೆ ಕಪ್ಪು ಚರ್ಮ ಈರುಳ್ಳಿ ಸಿಪ್ಪೆಯಂತೆ ಎದ್ದು, ಒಳಗೆ ಗುಲಾಬಿ ಬಣ್ಣ. ವಾಸಿಯಾಗಲು ಮೂರು ವಾರ ಹಿಡಿಯಿತು.

---

ರಾತ್ರಿಪಾಳಿ

ನಾನು ಇಲ್ಲಿ ಓದುವವನು ಮಾತ್ರ, ಬರೆಯುವುದು ಅಪರೂಪ. ನಮ್ಮ ಬೀದಿ ತಳಿಯ ರಾಜ ಮೂರು ದಿನದಿಂದ ರಾತ್ರಿಯೂ ತೇಕುತ್ತಿದ್ದ. ಸೆಕೆ ಅಂತ ಫ್ಯಾನ್ ಹಾಕಿ ಮಲಗಿಸುತ್ತಿದ್ದೆ. ಊಟ ಬಿಟ್ಟ. ಜ್ವರದ ಮಾತ್ರೆ ಒಂದು ಕೊಡೋಣ ಅಂತ ಪ್ಯಾರಾಸಿಟಮಾಲ್ ಕೈಗೆ ತೆಗೆದುಕೊಂಡಿದ್ದೆ, ಈ ಚರ್ಚೆ ನೆನಪಾಗಿ ಮೊದಲು ಇಲ್ಲಿ ಕೇಳೋಣ ಅನ್ನಿಸಿತು.

---

ಪಶುವೈದ್ಯೆ_ಸಣ್ಣಪ್ರಾಣಿ

ಮಾತ್ರೆ ವಾಪಸ್ ಇಡಿ! ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಎರಡೂ ನಾಯಿಗೆ ವಿಷವಾಗಬಲ್ಲವು. ಹೀಟ್ ಸ್ಟ್ರೋಕ್ ಆಗಿದ್ದರೂ ಅವುಗಳಿಂದ ಉಪಯೋಗವಿಲ್ಲ, ಏಕೆಂದರೆ ಅದು ಜ್ವರವೇ ಅಲ್ಲ. ಜ್ವರದಲ್ಲಿ ಮಿದುಳು ತಾನೇ ತಾಪ ಏರಿಸುತ್ತದೆ, ಇಲ್ಲಿ ಹೊರಹಾಕಲಾಗದ ಶಾಖ ಒಳಗೆ ಸೇರಿಕೊಳ್ಳುತ್ತದೆ.

ತಂಪಾದ ಹೊತ್ತಿನಲ್ಲಿ, ಆಡದೆ ಓಡದೆ ಮೂರು ದಿನ ತೇಕುವ ನಾಯಿಗೆ ಸೆಕೆ ಅಂತ ಹೆಸರಿಟ್ಟು ಸುಮ್ಮನಿರಬೇಡಿ. ನೋವಿರಬಹುದು, ಹೃದಯ ಇರಬಹುದು, ರಕ್ತ ಹೀರುವ ಉಣ್ಣಿಯಿಂದ ಬರುವ ಜ್ವರ ಇರಬಹುದು. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣಿ ಇದೆಯೇ ನೋಡಿ. ಬೆಳಗ್ಗೆಯೇ ರಕ್ತ ಪರೀಕ್ಷೆ ಮಾಡಿಸಿ.

---

ರಾತ್ರಿಪಾಳಿ

ಉಣ್ಣಿ ಜ್ವರವೇ ಡಾಕ್ಟರ್. ಪ್ಲೇಟ್‌ಲೆಟ್ ತುಂಬ ಇಳಿದಿತ್ತು. ಔಷಧಿ ಶುರುವಾಗಿದೆ. ಇವತ್ತು ಎರಡು ತುತ್ತು ತಿಂದ.

---

ತೋಟದಮನೆ

ಒಂದು ಕೇಳುವುದಿತ್ತು. ನೀರು ಹಾಕಿದ ಮೇಲೆ ನಾಯಿ ಎದ್ದು ಓಡಾಡಿದರೆ ಆಸ್ಪತ್ರೆಗೆ ಹೋಗಲೇಬೇಕೇ? ನಮಗೆ ಆಸ್ಪತ್ರೆ ದೂರ.

---

ಪಶುವೈದ್ಯೆ_ಸಣ್ಣಪ್ರಾಣಿ

ಸುಮ್ಮನೆ ತೇಕಿ, ನೆರಳಿನಲ್ಲಿ ಹತ್ತು ನಿಮಿಷಕ್ಕೆ ಸರಿಹೋದರೆ ಬೇಡ. ಕುಸಿದು ಬಿದ್ದಿದ್ದರೆ, ವಾಂತಿ, ರಕ್ತಭೇದಿ, ತೂರಾಟ, ಫಿಟ್ಸ್ ಇವುಗಳಲ್ಲಿ ಒಂದಾದರೂ ಆಗಿದ್ದರೆ, ಆಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಹೋಗಲೇಬೇಕು. ಕಿಡ್ನಿ ಕೈಕೊಡುವುದು, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಕೆಡುವುದು ಒಂದರಿಂದ ಮೂರು ದಿನ ಬಿಟ್ಟು ಹೊರಗೆ ಕಾಣಿಸಿಕೊಳ್ಳುತ್ತದೆ. ಸಂಜೆ ಬಾಲ ಆಡಿಸಿದ ನಾಯಿ ಮೂರನೇ ದಿನ ಹೋದದ್ದನ್ನು ನಾನು ಕಂಡಿದ್ದೇನೆ. ಆ ಮನೆಯ ಹುಡುಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಖಾಲಿ ಬೆಲ್ಟ್ ಹಿಡಿದು ಕೂತಿದ್ದ. ದೂರ ಅಂತ ಬಿಡಬೇಡಿ ಸರ್.

ಕಚ್ಚದಿರಲಿ ಅಂತ ನಾಯಿಯ ಬಾಯಿಗೆ ಮಜಲ್ (ಮೂತಿಪಟ್ಟಿ) ಹಾಕುವವರೂ ನೋಡಿಕೊಳ್ಳಿ. ಬಾಯಿ ಬಿಗಿದು ಕಟ್ಟುವ ಬಟ್ಟೆಯ ಮಜಲ್‌ನಲ್ಲಿ ನಾಯಿಗೆ ತೇಕಲು ಆಗುವುದಿಲ್ಲ. ಬುಟ್ಟಿಯ ಥರದ್ದಾದರೆ ಒಳಗೆ ಬಾಯಿ ತೆರೆಯಬಹುದು, ನೀರೂ ಕುಡಿಯಬಹುದು.

---

ಬ್ರೌನಿಯ_ಅಮ್ಮ

ಮೂರು ವಾರ ಆಯಿತು, ಅಪ್‌ಡೇಟ್ ಕೊಡಬೇಕಿತ್ತು.

ಎರಡನೇ ರಕ್ತ ಪರೀಕ್ಷೆ ಬಂತು, ಕಿಡ್ನಿ ಸರಿಯಾಗಿದೆ. ಒಮ್ಮೆ ಹೀಗಾದ ನಾಯಿಗೆ ಮತ್ತೆ ಆಗುವ ಸಂಭವ ಹೆಚ್ಚು ಅಂತ ಡಾಕ್ಟರ್ ಎಚ್ಚರಿಸಿದ್ದಾರೆ, ಈ ಬೇಸಿಗೆ ಪೂರ್ತಿ ಓಟ ಇಲ್ಲ. ಬೆಳಗ್ಗೆ ಐದಕ್ಕೆ ನಿಧಾನಕ್ಕೆ ನಡೆಯುತ್ತೇವೆ. ದಿನದ ಮಧ್ಯೆ ಮೂಗಿಗೆ ಕೆಲಸ: ಹಳೆಯ ಟವೆಲಿನ ಮಡಿಕೆಗಳಲ್ಲಿ ಅವನ ತಿಂಡಿ ಬಚ್ಚಿಟ್ಟು ಹುಡುಕಿಸುತ್ತೇನೆ. ಕಾಲು ಗಂಟೆ ಹುಡುಕಿದರೆ ಒಂದು ಸುತ್ತು ಓಡಿದಷ್ಟೇ ಸುಸ್ತಾಗಿ ಮಲಗುತ್ತಾನೆ.

ಇನ್ನೊಂದು ಕಲಿಸುತ್ತಿದ್ದೇನೆ. ಓಡಿ ಬಿಸಿಯಾದ ನಾಯಿಗಳನ್ನು ತಂಪು ಮಾಡುವ ಬೇರೆ ಬೇರೆ ವಿಧಾನಗಳನ್ನು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಹೋಲಿಸಿ ನೋಡಿ 2024ರಲ್ಲಿ ಪ್ರಕಟಿಸಿದ್ದಾರಂತೆ. ನಾಯಿ ತಾನೇ ತಲೆಯನ್ನು ನೀರಿಗೆ ಅದ್ದುವುದು ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತಂತೆ. ಎಚ್ಚರ ಇರುವ, ತೂರಾಡದ ನಾಯಿಗೆ ಮಾತ್ರ, ಬಲವಂತವಾಗಿ ಅದ್ದಬಾರದು ಅಂತ ನಮ್ಮ ಡಾಕ್ಟರ್ ಹೇಳಿದರು. ಟಬ್ಬಿನ ತಳಕ್ಕೆ ಆಟಿಕೆ ಹಾಕಿ ಅಭ್ಯಾಸ ಮಾಡಿಸುತ್ತಿದ್ದೇನೆ. ಮೊದಲ ದಿನ ಮೂಗಿನ ತುದಿ ಮಾತ್ರ ಮುಟ್ಟಿಸಿ ಸೀನಿದ. ನಿನ್ನೆ ಕಣ್ಣಿನ ಮೇಲಿನವರೆಗೂ ಮುಳುಗಿಸಿ ಆಟಿಕೆ ಕಚ್ಚಿಕೊಂಡು ಎದ್ದು, ತಲೆ ಕೊಡವಿ ಇಡೀ ಬಚ್ಚಲು ಒದ್ದೆ ಮಾಡಿದ.

ಚೆಂಡು ಬೀರುವಿನ ಮೇಲಿದೆ. ದಿನಕ್ಕೊಮ್ಮೆ ಹೋಗಿ ಕೆಳಗೆ ಕೂತು ಅದನ್ನು ನೋಡುತ್ತಾನೆ. ನನಗೆ ಕೊಡಲು ಮನಸ್ಸಾಗುತ್ತದೆ, ಮಳೆ ಬರುವವರೆಗೆ ಕೊಡುವುದಿಲ್ಲ.